ಮಾಮ್ ಪ್ರೊಟೆಸ್ಟ್

ಯುಫೇಮಿಯಾ ಲಗಾಸ್ಕಾ ಎಂದರೆ ನಮ್ಮ ಕಡಲ ದಂಡೆಯ ಊರು ಪುಂತಾ ಮಲಾಪಡ್‌ನಲ್ಲಿ ಯಾರಿಗೂ ತಟ್ಟನೆ ಗೊತ್ತಾಗುವುದಿಲ್ಲ. ಮಾಮ್ ಪ್ರೊಟೆಸ್ಟ್ ಎನ್ನಿ (ನಮ್ಮಲ್ಲಿ ಟೀಚರಮ್ಮಂದಿರೆಲ್ಲ ಮಾಮ್), ಮೀನು ಮಾರುವ ಹೆಂಗಸಿನಿಂದ ಹಿಡಿದು ಚರ್ಚಿನ ಪಾದ್ರಿಯವರೆಗೆ ಎಲ್ಲರೂ ನಗುತ್ತಾ ಹೈಸ್ಕೂಲಿನ ಕಡೆ ಕೈ ತೋರಿಸುತ್ತಾರೆ. ಹಾಗೆ ಕರೆಯುವುದು ಆಕೆಯ ಬೆನ್ನ ಹಿಂದೆ ಎಂದು ಅವರೆಲ್ಲ ತಿಳಿದಿದ್ದಾರೆ. ಆಕೆಗೆ ಮೊದಲಿನಿಂದಲೂ ಗೊತ್ತು. "ಬೆನ್ನ ಹಿಂದೆ ಯಾಕ್ರೀ, ಮುಂದೇನೇ ಕರೀರಿ. ನನ್ನ ಕಿವಿ ಇನ್ನೂ ನೆಟ್ಟಗಿದೆ" ಎಂದು ಸಂತೆಯಲ್ಲೇ ಜೋರಾಗಿ ಹೇಳಿದವರು ಆಕೆ.

ಹೆಸರು ಬಂದದ್ದು ಕ್ವಿಜ್ ಸ್ಪರ್ಧೆಯಿಂದ. ನಮ್ಮ ದೇಶದಲ್ಲಿ ಮೂರು ಜನ ಸೇರಿದ ಕಡೆ ಒಂದು ಕ್ವಿಜ್ ನಡೆಯುತ್ತದೆ. ಶಾಲೆಯ ಕ್ವಿಜ್ ಅಂತೂ ಊರ ಹಬ್ಬದಷ್ಟೇ ದೊಡ್ಡದು. ಪ್ರತಿ ಶಾಲೆಯಿಂದ ಒಂದು ಮಗು, ಅದರ ಹಿಂದೆ ಒಬ್ಬ ಕೋಚ್. ಮಗು ಉತ್ತರವನ್ನು ಹಲಗೆಯ ಮೇಲೆ ಬರೆದು ಎತ್ತಿ ಹಿಡಿಯಬೇಕು. ಕ್ವಿಜ್ ಮಾಸ್ಟರು ಕಾರ್ಡು ನೋಡಿ ಸರಿಯೋ ತಪ್ಪೋ ಹೇಳುತ್ತಾರೆ. ಕಾರ್ಡೇ ತಪ್ಪು ಎಂದು ಕೋಚ್‌ಗೆ ಅನಿಸಿದರೆ ತಕ್ಷಣ ಎದ್ದು ನಿಂತು "ಪ್ರೊಟೆಸ್ಟ್" ಎನ್ನಬಹುದು, ಆಗ ತೀರ್ಪುಗಾರರು ವಿಚಾರಣೆ ಮಾಡಬೇಕು. ನಿಯಮ ಹೀಗಿದೆ. ಆದರೆ ಯಾರೂ ಏಳುವುದಿಲ್ಲ. ತೀರ್ಪುಗಾರರ ಮೇಜಿನಲ್ಲಿ ಕೂರುವವರು ಮೇಲಧಿಕಾರಿಗಳು, ನಮ್ಮ ವರ್ಗಾವಣೆಗೆ ಸಹಿ ಹಾಕುವವರು. ಅಂಥವರನ್ನು ನಾಲ್ಕು ಜನರ ಮುಂದೆ ತಪ್ಪು ಎನ್ನುವುದುಂಟೇ? ದೊಡ್ಡವರ ಮುಖ ಕೆಡಿಸುವುದಕ್ಕಿಂತ ಮಗುವಿನ ಪಾಯಿಂಟು ಕಳೆದುಕೊಳ್ಳುವುದೇ ಮರ್ಯಾದೆ ಎಂದು ನಮ್ಮ ಮೇಷ್ಟ್ರುಗಳ ಲೆಕ್ಕ. ಥೂ, ಅದೂ ಒಂದು ಮರ್ಯಾದೆಯೇ!

ಫೇಮಿಯಾ ಮಾಮ್‌ಗೆ ಈ ಮರ್ಯಾದೆಯ ರುಚಿ ಚಿಕ್ಕಂದಿನಲ್ಲೇ ಸಿಕ್ಕಿತ್ತು. ಆಕೆ ಲಂಗ ತೊಟ್ಟು ಸ್ಪರ್ಧೆಗೆ ಹೋದ ಕಾಲದಲ್ಲಿ, ನಮ್ಮ ಮೊದಲ ಗಣರಾಜ್ಯದ ಸಂಸತ್ತು ಎಲ್ಲಿ ಸೇರಿತ್ತು ಎಂದು ಕೇಳಿದರು. ಆಕೆ ಬಾರಾಸೋಯಿನ್ ಚರ್ಚು ಎಂದು ಸರಿಯಾಗಿಯೇ ಬರೆದರು. ಕಾರ್ಡಿನಲ್ಲಿ ಸ್ವಾತಂತ್ರ್ಯ ಘೋಷಣೆಯಾದ ಕವಿತ್ ಊರಿನ ಮನೆಯ ಹೆಸರಿತ್ತು. ಹುಡುಗಿ ತಿರುಗಿ ಕೋಚ್‌ನ ಮುಖ ನೋಡಿದಳು. ಆತ ಕಣ್ಣಲ್ಲೇ ಸುಮ್ಮನಿರು ಎಂದ. ಟೀಚರ್ ಆದ ಮೇಲೆ ಆಕೆ ಮಾಡಿದ ಮೊದಲ ಕೆಲಸವೇ ಸುಮ್ಮನಿರದಿದ್ದದ್ದು.

ಒಮ್ಮೆ ರಾಜಧಾನಿ ಮನಿಲಾದ ಲುನೇಟಾ ಮೈದಾನದಲ್ಲಿರುವ, ನಮ್ಮ ರಾಷ್ಟ್ರವೀರ ರಿಸಾಲ್ ಸ್ಮಾರಕದ ಪ್ರಶ್ನೆ ಬಂತು. ಅದರ ವಿನ್ಯಾಸ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಯಾರಿಗೆ? ಕಾರ್ಡು ಹೇಳಿತು, ಸ್ವಿಸ್ ಶಿಲ್ಪಿ ಕಿಸ್ಲಿಂಗ್. ಪುಂತಾದ ಮಗು ಬೇರೆ ಹೆಸರು ಬರೆದಿತ್ತು. ಮಾಮ್ ಎದ್ದು ನಿಂತರು.

"ಅಲ್ಲಿ ನಿಂತಿರೋದೇ ಕಿಸ್ಲಿಂಗ್ ಮಾಡಿದ ಪ್ರತಿಮೆ ಅಲ್ವೇನಮ್ಮಾ?" ಎಂದರು ಅಧ್ಯಕ್ಷ ಸ್ಥಾನದಲ್ಲಿದ್ದ ಸೂಪರ್‌ವೈಸರ್ ಬಲಿಂಗಿತ್.

"ನಿಂತಿರೋದು ಅವರದ್ದೇ ಸರ್. ಗೆದ್ದೋನು ಇಟಲಿಯ ನಿಕೋಲಿ. ಕಿಸ್ಲಿಂಗ್ ಎರಡನೇ ಬಹುಮಾನದೋನು, ಕೆಲಸ ಮಾತ್ರ ಅವನಿಗೆ ಸಿಕ್ತು. ನಮ್ಮ ದೇಶದಲ್ಲಿ ಗೆಲ್ಲೋನು ಒಬ್ಬ, ನಿಲ್ಲೋನು ಇನ್ನೊಬ್ಬ ಅನ್ನೋದು ನಿಮಗೆ ಹೊಸದಾ?"

ಸಭೆ ಗೊಳ್ಳೆಂದಿತು. ಬಲಿಂಗಿತ್ ಸರ್ ಮುಖ ಹುಳ್ಳಗೆ ಮಾಡಿಕೊಂಡು ಪಾಯಿಂಟು ಕೊಟ್ಟರು. ಆಮೇಲೆ ಫೇಮಿಯಾ ಮಾಮ್‌ಗೆ ಬರಬೇಕಿದ್ದ ಬಡ್ತಿ ಎಲ್ಲೋ ದಾರಿ ತಪ್ಪಿತು. ಆಕೆ ಕ್ಯಾರೇ ಎನ್ನಲಿಲ್ಲ. ಮದುವೆ ಮಾಡಿಕೊಳ್ಳಲು ಬಂದಿದ್ದ ಅಂಚೆ ಕಚೇರಿಯ ಸಭ್ಯ ಮನುಷ್ಯನೊಬ್ಬ ಮಾತ್ರ, ಇವರ ಬಾಯಿ ಕಂಡು ಹಿಂದೆ ಸರಿದನಂತೆ. ಕೇಳಿದರೆ "ಅವನೂ ಪ್ರೊಟೆಸ್ಟ್ ಮಾಡಿದ, ನಾನು ಒಪ್ಪಿಕೊಂಡೆ" ಎನ್ನುತ್ತಿದ್ದರು.

ಇಷ್ಟೆಲ್ಲ ಕಾದಾಡಿದರೂ ಪುಂತಾ ಶಾಲೆ ಜಿಲ್ಲೆಯಲ್ಲಿ ಒಮ್ಮೆಯೂ ಗೆದ್ದಿರಲಿಲ್ಲ. ಗೆದ್ದವರು ದೇಶದ ಕೊನೆಯ ಸುತ್ತಿಗೆ ಮನಿಲಾಕ್ಕೆ ಹೋಗುತ್ತಾರೆ. ಮಾಮ್ ನಿವೃತ್ತಿಯ ವರ್ಷಕ್ಕೆ ಜೋವೆಲಿನ್ ತಬಿಯೋಸ್ ಸಿಕ್ಕಳು. ದೋಣಿಯವನ ಮಗಳು, ಮಾತು ಕಡಿಮೆ, ಓದಿದ್ದು ಕಲ್ಲಿನ ಮೇಲೆ ಕೆತ್ತಿದ ಹಾಗೆ. ಲುನೇಟಾದ ಸ್ಮಾರಕದ ಮೇಲೆ ಎಷ್ಟು ನಕ್ಷತ್ರವಿದೆ ಎಂದು ಗೊತ್ತು, ಆದರೆ ಲುನೇಟಾ ನೋಡಿಲ್ಲ. ಸಾನ್ ಹ್ವಾನಿಕೋ ಸೇತುವೆ ಯಾವ ಎರಡು ದ್ವೀಪಗಳನ್ನು ಕೂಡಿಸುತ್ತದೆ ಎಂದು ನಿದ್ದೆಯಲ್ಲೂ ಹೇಳುತ್ತಾಳೆ, ಬಸ್ಸಿನಲ್ಲಿ ಒಂದು ಸೇತುವೆ ದಾಟಿದ್ದೂ ಅಪರೂಪ. "ಮನಿಲಾಕ್ಕೆ ಹೋದ್ರೆ ಮೊದಲು ಸೊನ್ನೆ ಕಿಲೋಮೀಟರಿನ ಕಲ್ಲು ಮುಟ್ಟಿ ಬರ್ತೀನಿ ಮಾಮ್. ಎಲ್ಲ ದಾರಿ ಅಲ್ಲಿಂದ ಶುರು ಅಲ್ವಾ?" ಎಂದು ಒಂದು ಸಲ ಕೇಳಿದ್ದಳು. ಅಷ್ಟೇ ಅವಳು ಬಾಯಿಬಿಟ್ಟು ಕೇಳಿದ ಆಸೆ.

ವಿಜ್ಞಾನದ ಗ್ರೀಕ್ ಅಕ್ಷರಗಳನ್ನು ಮಾಮ್ ಕಲಿಸಿದ್ದು ಸಮುದ್ರದ ದಂಡೆಯಲ್ಲಿ. ಅಲೆ ಬಂತು, ಅಲೆಯ ಉದ್ದಕ್ಕೆ ಲ್ಯಾಮ್ಡಾ. ದೋಣಿಯನ್ನು ಮರಳಿನ ಮೇಲೆ ಎಳೆಯುವಾಗ ತಡೆಯುವ ಘರ್ಷಣೆಗೆ ಮ್ಯೂ. ಉಪ್ಪುನೀರಿನ ಸಾಂದ್ರತೆಗೆ ರೋ. ಅದೇ ರೋ ವಿದ್ಯುತ್ತನ್ನು ತಡೆಯುವ ಗುಣಕ್ಕೂ. ಹರಿಯಲು ಬಿಡುವ ಗುಣಕ್ಕೆ ಸಿಗ್ಮಾ. "ರೋ ತಡೆಯುತ್ತೆ, ಸಿಗ್ಮಾ ಬಿಡುತ್ತೆ. ನಾನು ರೋ, ನಿಮ್ಮ ಹೆಡ್‌ಮೇಷ್ಟ್ರು ಸಿಗ್ಮಾ" ಎಂದರೆ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು.

ಸ್ಪರ್ಧೆಯ ದಿನ ಎಂದಿನಂತೆ ಪ್ರಾರ್ಥನೆ, ರಾಷ್ಟ್ರಗೀತೆ, ತೀರ್ಪುಗಾರರ ಮೇಜಿಗೆ ಎಳನೀರು ಮತ್ತು ಮರಗೆಣಸಿನ ಕೇಕು, ಮಕ್ಕಳಿಗೆ ಒಣ ಬ್ರೆಡ್ಡು. ಒಂದೊಂದೇ ಶಾಲೆ ಉದುರಿ ಕೊನೆಗೆ ಇಬ್ಬರು ಸಮಸಮ ನಿಂತರು. ಒಬ್ಬಳು ಜೋವೆಲಿನ್. ಇನ್ನೊಬ್ಬ ಗುಡ್ಡದ ಮೇಲಿನ ಶಾಲೆಯ ಕನ್ನಡಕದ ಹುಡುಗ. ಅವನ ಕೋಚ್ ಡೆಲ್ಫಿನ್ ಎಂಬ ಎಳೆಯ ಮೇಷ್ಟ್ರು, ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಒಂದೇ ಪ್ರಶ್ನೆಯಲ್ಲಿ ತೀರ್ಮಾನ ಎಂದರು ಬಲಿಂಗಿತ್ ಸರ್.

"ವಸ್ತುವೊಂದು ತನ್ನ ಮೂಲಕ ವಿದ್ಯುತ್ ಹರಿಯುವುದನ್ನು ತಡೆಯುವ ಗುಣಕ್ಕೆ, ಅಂದರೆ ರೋಧಶೀಲತೆಗೆ, ಬಳಸುವ ಗ್ರೀಕ್ ಅಕ್ಷರ ಯಾವುದು?"

ಮಾಮ್ ಮನಸ್ಸಿನಲ್ಲೇ ಕುಣಿದರು. ಹಲಗೆಗಳು ಮೇಲೆದ್ದವು. ಹುಡುಗನದ್ದು ರೋ. ಜೋವೆಲಿನ್‌ದು ಸಿಗ್ಮಾ. ದಂಡೆಯ ಪಾಠ ತಲೆಕೆಳಗಾಗಿತ್ತು.

"ಸರಿಯುತ್ತರ, ಸಿಗ್ಮಾ!" ಎಂದರು ಕ್ವಿಜ್ ಮಾಸ್ಟರು.

ಪುಂತಾದಿಂದ ಬಂದವರು ಕುರ್ಚಿ ಬೀಳಿಸಿಕೊಂಡು ಎದ್ದು ಕೂಗಿದರು. ಜೋವೆಲಿನ್ ಮಾತ್ರ ಹಲಗೆ ಇಳಿಸಿ ಅಲ್ಲೇ ನಿಂತಿದ್ದಳು. ಸಂತೋಷಕ್ಕೆ ದಿಕ್ಕು ತೋಚುತ್ತಿಲ್ಲ ಎಂದುಕೊಂಡರು ಮಾಮ್. ಕನ್ನಡಕದ ಹುಡುಗ ತನ್ನ ರೋ ಅನ್ನು ಇನ್ನೂ ಎತ್ತಿ ಹಿಡಿದೇ ಇದ್ದ, ಯಾರಾದರೂ ಮತ್ತೊಮ್ಮೆ ನೋಡಲಿ ಎಂಬಂತೆ. ಡೆಲ್ಫಿನ್ ತನ್ನ ಬೂಟು ನೋಡಿಕೊಳ್ಳುತ್ತಿದ್ದ.

ಮಾಮ್ ಅವನ ಕಡೆ ಬಾಗಿದರು. "ಏಳೋ ಡೆಲ್ಫಿನ್. ನಿನ್ನ ಹುಡುಗಂದು ಸರಿ ಇದೆ."

"ಗೊತ್ತು ಮಾಮ್."

"ಗೊತ್ತಿದ್ರೆ ಎದ್ದೇಳು ಮತ್ತೆ!"

"ನನ್ನ ಫೈಲು ಬಲಿಂಗಿತ್ ಸರ್ ಟೇಬಲ್ ಮೇಲಿದೆ. ಕೈ ಮುಗೀತೀನಿ, ಬಿಟ್ಬಿಡಿ. ನೀವು ಗೆದ್ರಲ್ಲ, ಹುಡುಗೀನ ಕರ್ಕೊಂಡು ಮನಿಲಾ ನೋಡ್ಕೊಂಡು ಬನ್ನಿ."

ಆ ಕ್ಷಣ ಮಾಮ್‌ಗೂ ಕೂತೇ ಇರಬೇಕು ಅನಿಸಿತು. ಸುಳ್ಳು ಯಾಕೆ, ತುಂಬ ಅನಿಸಿತು. ಇದೇ ಕೊನೆಯ ವರ್ಷ, ಊರೇ ಹಿಂದೆ ಕುಣಿಯುತ್ತಿದೆ, ತಪ್ಪು ಮಾಡಿದ್ದು ಕಾರ್ಡು, ಆಕೆಯಲ್ಲ. ಆದರೆ ಆ ಹುಡುಗನ ಎತ್ತಿದ ಕೈ ಕೆಳಗಿಳಿಯುತ್ತಿರಲಿಲ್ಲ. ಆಕೆ ಎದ್ದರು.

"ಪ್ರೊಟೆಸ್ಟ್."

ಬಲಿಂಗಿತ್ ಸರ್ ಕನ್ನಡಕ ತೆಗೆದು ಒರೆಸಿದರು. "ಮಾಮ್ ಲಗಾಸ್ಕಾ, ಗೆದ್ದಿರೋರು ನೀವು."

"ಅದಕ್ಕೇ ಸರ್. ನಿಮ್ಮ ಕಾರ್ಡು ತಪ್ಪು. ತಡೆಯೋದು ರೋ, ಸಿಗ್ಮಾ ಅಲ್ಲ."

"ಅವರ ಕೋಚ್ ಸುಮ್ನೆ ಕೂತಿದಾರೆ. ಬೇರೆ ಶಾಲೆ ಪರವಾಗಿ ಮಾತಾಡೋಕೆ ನಿಯಮದಲ್ಲಿ ಅವಕಾಶ ಇಲ್ಲ."

"ಬೇರೆಯವರ ಮಾತು ಯಾರು ಎತ್ತಿದ್ರು? ನಾನು ನಮ್ಮ ಶಾಲೆಗೆ ಸಿಕ್ಕಿದ ಪಾಯಿಂಟಿನ ವಿರುದ್ಧ ನಿಂತಿದೀನಿ. ಹಾಗೆ ನಿಲ್ಲಬಾರ್ದು ಅಂತ ಯಾವ ನಿಯಮದಲ್ಲಿದೆ, ಓದಿ ಹೇಳಿ."

ಅಂಥ ನಿಯಮ ಬರೆಯುವ ಪ್ರಮೇಯ ಯಾರಿಗೂ ಬಂದಿರಲಿಲ್ಲ. ಮೂವರು ತೀರ್ಪುಗಾರರು ತಲೆಗೆ ತಲೆ ಕೊಟ್ಟು ಪಿಸುಗುಟ್ಟಿದರು. ಭೌತಶಾಸ್ತ್ರದ ಪುಸ್ತಕ ತರಿಸಿದರು. ಕೊನೆಗೆ ಬಲಿಂಗಿತ್ ಸರ್ ಮೈಕಿನಲ್ಲಿ, ಯಾರನ್ನೂ ನೋಡದೆ, ಉತ್ತರ ರೋ ಎಂದು ಘೋಷಿಸಿದರು. ಗುಡ್ಡದ ಶಾಲೆ ಗೆದ್ದಿತು. ಡೆಲ್ಫಿನ್ ಮುಖ ಮುಚ್ಚಿಕೊಂಡು ಅತ್ತುಬಿಟ್ಟ.

"ಜೀವಮಾನದಲ್ಲಿ ಒಂದೇ ಒಂದ್ಸಲ ಬಾಯಿ ಮುಚ್ಕೊಂಡಿದ್ರೆ ಗೆಲ್ತಿದ್ರಿ" ಎಂದರು ಬಲಿಂಗಿತ್ ಸರ್, ಮೈಕು ಆರಿಸಿದ ಮೇಲೆ.

"ಬಾಯಿ ಮುಚ್ಕೊಂಡು ಗೆದ್ದಿದ್ದು ನನಗೆ ಅರಗೋದಿಲ್ಲ ಸರ್."

ಅಷ್ಟಕ್ಕೆ ಬೇರೆ ಬೇರೆ ಶಾಲೆಯ ಮೇಷ್ಟ್ರುಗಳು ಎದ್ದು ಚಪ್ಪಾಳೆ ಹೊಡೆದರು. ಇಷ್ಟು ವರ್ಷ ಬೆನ್ನ ಹಿಂದೆ ನಕ್ಕವರೇ ಬಂದು ಕೈ ಕುಲುಕಿದರು, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಮಾಮ್ ಕೊಂಚ ಉಬ್ಬಿದರು. ಉಬ್ಬಲಿ ಬಿಡಿ, ಆಕೆಗೆ ಜೀವನದಲ್ಲಿ ಸಿಕ್ಕಿದ ಚಪ್ಪಾಳೆ ಅದೊಂದೇ.

ವಾಪಸು ಬರುವಾಗ, ಎದುರುಬದುರು ಬೆಂಚಿನ ಜೀಪ್ನಿ ವ್ಯಾನಿನಲ್ಲಿ, ಪುಂತಾದವರು ಮಾಮ್ ಕಡೆ ತಿರುಗಿಯೂ ನೋಡಲಿಲ್ಲ. ಅದಕ್ಕೆ ಆಕೆ ತಯಾರಾಗಿಯೇ ಇದ್ದರು. ಆದರೆ ಎದುರಿಗೆ ಕೂತಿದ್ದ ಜೋವೆಲಿನ್ ಮುಖ ಗಂಟು ಹಾಕಿಕೊಂಡಿದ್ದು ಎದೆಗೆ ತಾಕಿತು.

"ಸಿಟ್ಟೇನೇ ಮಗಾ?"

"ಹೌದು."

"ಉತ್ತರ ತಪ್ಪಾಗಿತ್ತಲ್ವೇನೇ?"

"ಗೊತ್ತು. ಹಲಗೆ ಎತ್ತಿದ ಕೂಡ್ಲೇ ಗೊತ್ತಾಯ್ತು."

"ಮತ್ತೆ? ಮನಿಲಾ ತಪ್ಪಿತು ಅಂತಾನಾ?"

"ಮನಿಲಾ ಅಲ್ಲ ಮಾಮ್!" ಹುಡುಗಿಯ ದನಿ ಏರಿತು. ಜೀಪ್ನಿಯಲ್ಲಿದ್ದವರು ಈಗ ತಿರುಗಿ ನೋಡಿದರು. "ನಾನೇ ಹೇಳೋಳಿದ್ದೆ. ಭಯ ಆಗ್ತಿತ್ತು, ಆದ್ರೂ ಹೇಳ್ತಿದ್ದೆ. ಅಷ್ಟರಲ್ಲಿ ನೀವು ಎದ್ಬಿಟ್ರಿ. ಪಾಯಿಂಟು ನಂದು. ಕೊಡೋದಾದ್ರೆ ನಾನು ಕೊಡ್ಬೇಕಿತ್ತು. ಒಂದ್ಸಲ ನನ್ನ ಮುಖ ನೋಡಿದ್ರಾ? ಎಲ್ರೂ ನಿಮಗೆ ಚಪ್ಪಾಳೆ ಹೊಡೆದ್ರು. ನಾನು ಕದ್ದು ಸಿಕ್ಕಿಬಿದ್ದೋಳ ಥರ ನಿಂತಿದ್ದೆ."

ಸೂಪರ್‌ವೈಸರುಗಳ ನೀರಿಳಿಸಿದ ಮಾಮ್ ಪ್ರೊಟೆಸ್ಟ್‌ಗೆ ನ್ಯಾಯ ತಮ್ಮ ಕಡೆ ಇದೆ ಎಂದು ಗೊತ್ತಿತ್ತು. ಅದು ಹುಡುಗಿಯ ಕಡೆಯೂ ಇದೆ ಎಂದು ಈಗ ಗೊತ್ತಾಯಿತು. ಹುಡುಗನ ಎತ್ತಿದ ಕೈ ಕಂಡಿತ್ತು. ತಮ್ಮ ಹುಡುಗಿಯ ಇಳಿಸಿದ ಹಲಗೆ ಏನು ಹೇಳುತ್ತಿದೆ ಎಂದು ನೋಡಿರಲಿಲ್ಲ.

"ನೀನು ಹೇಳ್ತಿರೋದು ಸರಿ" ಎಂದರು, ಜೀಪ್ನಿಯ ಎಲ್ಲರಿಗೂ ಕೇಳುವ ಹಾಗೆ. "ನಂದು ತಪ್ಪು."

"ಸರಿ ಅಂತ ನನಗೆ ಗೊತ್ತು ಮಾಮ್" ಎಂದು ಜೋವೆಲಿನ್ ಅವರ ಕಣ್ಣನ್ನೇ ನೆಟ್ಟು ನೋಡಿದಳು. ಊರು ಬರುವವರೆಗೂ ಆ ನೋಟ ತಗ್ಗಲಿಲ್ಲ, ಮಾಮ್ ಕೂಡ ಮುಖ ತಿರುಗಿಸಲಿಲ್ಲ.