ಕೈವಾರದಮ್ಮನ ವೃತ್ತಗಳು

ಎದುರಿಗೆ ಎಲ್ಲರೂ ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ಕೈವಾರದಮ್ಮ. ರಾಜ್ಯದ ಸರ್ಕಾರಿ ಕಾಲೇಜುಗಳಿಗೆಲ್ಲ ನಿರ್ದೇಶಕಿಯಾದ ಮೇಲೂ ಗಣಿತ ಪಾಠ ಮಾಡುತ್ತಿದ್ದ ಕಾಲದ ಚಾಳಿ ಆಕೆಯನ್ನು ಬಿಟ್ಟಿರಲಿಲ್ಲ. ಕೋಣೆಯ ಗೋಡೆ ತುಂಬಾ ಭೂಪಟ, ಮೇಜಿನ ಮೇಲೆ ಕೈವಾರ. ದೊಡ್ಡ ಕಾಲೇಜಿನ ಮೇಲೆ ಮುಳ್ಳು ಊರಿ ಇಪ್ಪತ್ತು ಕಿಲೋಮೀಟರಿನ ವೃತ್ತ ಎಳೆಯುವುದು. ಅದರೊಳಗೆ ಮಕ್ಕಳು ಕಡಿಮೆಯಿರುವ ಸಣ್ಣ ಕಾಲೇಜು ಸಿಕ್ಕಿತೋ, ಮುಚ್ಚಿ ದೊಡ್ಡದಕ್ಕೆ ಸೇರಿಸುವುದು.

ನಿಯಮ ಆಕೆಯದೇ. ಅದಕ್ಕೆ ಮುಂಚೆ ಯಾವ ಊರಿಗೆ ಕಾಲೇಜು, ಯಾವ ಊರಿಗೆ ಚೊಂಬು ಎನ್ನುವುದು ದೊಡ್ಡವರ ಬಾಯಿಮಾತಿನಲ್ಲಿ ತೀರ್ಮಾನವಾಗುತ್ತಿತ್ತು. ಈಗ ಯಾರು ಬಂದು ಮೇಜು ಗುದ್ದಿದರೂ ಆಕೆ ಗೋಡೆಯ ಕಡೆ ಕೈ ತೋರಿಸಿ ಸುಮ್ಮನಾಗುತ್ತಿದ್ದಳು. ವೃತ್ತಕ್ಕೇನು ನೆಂಟರಿಷ್ಟರೇ? ಉಳಿದ ಕಾಲೇಜುಗಳಿಗೆ ಒಳ್ಳೆಯ ಪ್ರಯೋಗಾಲಯ ಬಂತು, ಖಾಲಿ ಬಿದ್ದಿದ್ದ ಹುದ್ದೆಗಳಿಗೆ ಜನ ಬಂದರು. ಸುಮ್ಮನೆ ಯಾಕೆ ಹೇಳಬೇಕು, ಒಳ್ಳೆಯ ಕೆಲಸವೇ ಅದು.

ಆದರೆ ಆಕೆಗೊಬ್ಬಳು ತಂಗಿ. ಹೊಳೆಯಾಚೆಯ ಊರೊಂದರ ಪುಟ್ಟ ಕಾಲೇಜಿಗೆ ಪ್ರಾಂಶುಪಾಲೆ. ರಾಜ್ಯದ ಕಾಲೇಜುಗಳನ್ನೆಲ್ಲ ತಿರುಗಿ ನೋಡಿದ್ದ ಅಕ್ಕ ಅದೊಂದಕ್ಕೆ ಮಾತ್ರ ಕಾಲಿಟ್ಟಿರಲಿಲ್ಲ. ತಂಗಿಗೆ ಅನುಕೂಲ ಮಾಡಿಕೊಟ್ಟಳು ಎಂದು ಯಾರಾದರೂ ನಾಲಿಗೆ ಹರಿಬಿಟ್ಟರೆ? ತಪಾಸಣೆ ಬಂದಾಗಲೆಲ್ಲ ಜಂಟಿ ನಿರ್ದೇಶಕರನ್ನು ಕಳಿಸಿ ಕೈ ತೊಳೆದುಕೊಳ್ಳುತ್ತಿದ್ದಳು. ತಂಗಿಯೂ ಅಕ್ಕನಿಗೆ ತಕ್ಕವಳೇ. ಅಕ್ಕನಿಗೆ ಕೆಟ್ಟ ಹೆಸರು ಬಂದೀತೆಂದು ಒಂದು ಬೆಂಚು ಕೂಡ ಕೇಳಿದವಳಲ್ಲ. ಎಂಥಾ ಜನವೋ ಇವರು!

ಆ ವರ್ಷ ಮಕ್ಕಳು ಕಡಿಮೆಯಾಗಿ ತಂಗಿಯ ಕಾಲೇಜೂ ಮುಚ್ಚುವ ಪಟ್ಟಿಗೆ ಬಂತು. ಮುಚ್ಚುವ ಆದೇಶಕ್ಕೆ ಸಹಿ ಹಾಕುವ ಮುಂಚೆ ಯಾರಾದರೂ ಹೋಗಿ ನೋಡಬೇಕಿತ್ತು. ಜಂಟಿ ನಿರ್ದೇಶಕರು ಸೊಂಟ ಹಿಡಿದುಕೊಂಡು ಮಲಗಿಬಿಟ್ಟಿದ್ದರಿಂದ ಆಕೆಯೇ ಹೊರಡಬೇಕಾಯಿತು.

ಮೊದಲು ಹೊಳೆಯ ಈಚೆಗಿರುವ ದೊಡ್ಡ ಕಾಲೇಜು ನೋಡಿದಳು. ಅಲ್ಲಿಂದ ಬಸ್ಸೂ ಓಡದ ದೂರದ ಸೇತುವೆ ಬಳಸಿ ಹೋಗೋಣವೆಂದರೆ ದುರಸ್ತಿಗೆಂದು ರಸ್ತೆ ಅಗೆದು ಹಾಕಿದ್ದರು. ಕಾರು ಬಿಟ್ಟು ದೋಣಿ ಹತ್ತಿದಳು. ನೋಡಿದರೆ ದೋಣಿ ತುಂಬಾ ಹುಡುಗಿಯರು, ಬಗಲಲ್ಲಿ ಕಾಲೇಜಿನ ಚೀಲ. ತಂಗಿಯ ಕಾಲೇಜಿನಲ್ಲಿ ವಿಜ್ಞಾನ ವಿಭಾಗವಿಲ್ಲದ್ದರಿಂದ ಈಚೆ ಬಂದು ಓದುತ್ತಿದ್ದವರು. ಕ್ಲಾಸು ನಡೆಯುವ ಹೊತ್ತಲ್ಲಿ ಮನೆಗೆ ಹೊರಟಿದ್ದಾರೆಂದು ಮೇಡಂಗೆ ರೇಗಿತು. ಓದೋ ಮನಸ್ಸಿಲ್ಲದಿದ್ದರೆ ಅಪ್ಪ ಅಮ್ಮನ ಹೊಟ್ಟೆ ಯಾಕೆ ಉರಿಸ್ತೀರಿ ಎಂದು ದಬಾಯಿಸಿದಳು.

ಹುಡುಗಿಯೊಬ್ಬಳು ಹೆದರದೆ ಹೇಳಿದಳು. "ಇದೇ ಕೊನೇ ದೋಣಿ ಮೇಡಂ. ಪ್ರಾಕ್ಟಿಕಲ್ ಎಲ್ಲಾ ಇದು ಹೋದ ಮೇಲೇ ಇರೋದು. ಅದರಲ್ಲೇ ನಾವು ಫೇಲಾಗೋದು."

ಕೈವಾರದಮ್ಮ ತಿರುಗಿ ಬಿಟ್ಟುಬಂದ ದಡದ ಕಡೆ ನೋಡಿದಳು. ಆ ಪ್ರಯೋಗಾಲಯವನ್ನು ಕೊಡಿಸಿದವಳು ತಾನೇ. ಭೂಪಟದ ಮೇಲೆ ಎರಡೂ ಕಾಲೇಜು ಅಕ್ಕಪಕ್ಕದ ಮನೆಗಳಂತೆ ಕೂತಿದ್ದವು. ಹಾರಿಕೊಂಡು ಹೋಗುವ ಕಾಗೆಗೆ ಸರಿ, ನಡೆದುಕೊಂಡು ಹೋಗುವ ಹುಡುಗಿಗೆ? ಹಾಗಾದರೆ ಉಳಿದ ವೃತ್ತಗಳಲ್ಲಿ ಏನೇನು ಅಡ್ಡ ಇದ್ದವೋ. ಎಲ್ಲೋ ಗುಡ್ಡ, ಎಲ್ಲೋ ಬಸ್ಸೇ ಇಲ್ಲದ ರಸ್ತೆ. ಎಲ್ಲ ಕಡೆ ಹೋಗಿದ್ದಳು ನಿಜ, ಹೋಗಿದ್ದು ಸರ್ಕಾರಿ ಕಾರಿನಲ್ಲಿ. ದೋಣಿ ದಡ ಮುಟ್ಟುವ ಹೊತ್ತಿಗೆ ಆಕೆ ತಾನು ಮುಚ್ಚಿಸಿದ ಕಾಲೇಜುಗಳನ್ನು ಬೆರಳು ಮಡಿಸಿ ಎಣಿಸುತ್ತಿದ್ದಳು.

ತಂಗಿ ಏನೂ ಬೇಡಿಕೊಳ್ಳಲಿಲ್ಲ. ತರಗತಿಗಳನ್ನು ತೋರಿಸಿದಳು, ನೀರು ಕೊಟ್ಟಳು, ವಾಪಸು ದೋಣಿ ಇಲ್ಲದ್ದರಿಂದ ರಾತ್ರಿ ಮನೆಯಲ್ಲಿ ಉಳಿಸಿಕೊಂಡಳು. ಬೆಳಿಗ್ಗೆ ಹೊರಡುವಾಗ ಮಾತ್ರ, ಈ ಕಾಲೇಜು ಮುಚ್ಚಿದರೆ ತನ್ನ ಹುಡುಗಿಯರಲ್ಲಿ ಅರ್ಧಕ್ಕರ್ಧ ಮನೆಯಲ್ಲೇ ಉಳಿಯುತ್ತಾರೆ ಎಂದಳು.

ವಾಪಸು ಬಂದವಳೇ ಇಲಾಖೆಯ ಕಾರ್ಯದರ್ಶಿಯ ಮುಂದೆ ನಿಂತಳು. ದೂರವನ್ನು ಮಕ್ಕಳು ನಡೆಯುವ ದಾರಿಯಲ್ಲಿ ಅಳೆಯಬೇಕು, ಮುಚ್ಚಿದ್ದನ್ನೂ ಮತ್ತೆ ನೋಡಬೇಕು ಎಂದಳು. ಅವರು ಒಳ್ಳೆಯ ಮನುಷ್ಯರೇ. ನಿವೃತ್ತಿಯಾದ ಮೇಲೆ ಉನ್ನತ ಶಿಕ್ಷಣ ಪರಿಷತ್ತಿನಲ್ಲಿ ಆಕೆಗೊಂದು ಕುರ್ಚಿ ಕಾದಿರಿಸಿದ್ದವರು.

"ಮಧ್ಯೆ ಹೊಳೆ ಇದೆ ಅಂತ ಒಂದು ಸಾಲು ಬರೀರಿ ಮೇಡಂ, ನಿಮ್ಮ ತಂಗಿ ಕಾಲೇಜು ಉಳಿಸಿಬಿಡೋಣ. ಯಾರೂ ಕೇಳಲ್ಲ. ನಿಯಮಾನೇ ಬಿಚ್ಚಿದ್ರೆ, ತೀರ್ಮಾನ ಆಗೋವರೆಗೂ ಪಟ್ಟಿಯಲ್ಲಿರೋ ಯಾವ ಕಾಲೇಜಿಗೂ ಈ ವರ್ಷ ಹೊಸಬರನ್ನ ಸೇರಿಸಿಕೊಳ್ಳೋ ಹಾಗಿಲ್ಲ. ನಿಮ್ಮ ತಂಗಿದೂ ಸೇರಿ."

ಆಕೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಬೇರೆ ಊರುಗಳ ಹುಡುಗಿಯರಿಗೆ ಇಲಾಖೆಯಲ್ಲಿ ಅಕ್ಕ ಎಲ್ಲಿದ್ದಾಳೆ? ಆ ಒಂದು ಸಾಲು ಬರೆಯಲು ಕೈ ಬರಲಿಲ್ಲ. ನಿಯಮವನ್ನೇ ಬಿಚ್ಚಿದಳು. ಪರಿಷತ್ತಿನ ಕುರ್ಚಿ ಬೇರೆಯವರ ಪಾಲಾಯಿತು. ಅದಕ್ಕೆ ಆಕೆ ಕೊರಗಲಿಲ್ಲ. ಕೊರಗಿದ್ದು ತಂಗಿಯ ಫೋನಿಗೆ.

"ನಿನ್ನ ಹೆಸರು ಚೊಕ್ಕವಾಗಿರಲಿ ಅಂತ ನನ್ನ ಮಕ್ಕಳ ಒಂದು ವರ್ಷ ತಿಂದೆಯಲ್ಲೇ ಅಕ್ಕ," ಎಂದು ತಂಗಿ ಫೋನಿಟ್ಟಳು. ಆಮೇಲೆ ಎಷ್ಟು ಸಲ ಮಾಡಿದರೂ ಎತ್ತಲಿಲ್ಲ.

ಮುಂದಿನ ವರ್ಷ ಹೊಸ ನಿಯಮ ಬಂತು. ಮುಚ್ಚಿದ್ದ ಕಾಲೇಜುಗಳಲ್ಲಿ ಕೆಲವು ತೆರೆದವು, ತಂಗಿಯದೂ ಉಳಿಯಿತು. ಅಷ್ಟರಲ್ಲಿ ನಿವೃತ್ತಳಾಗಿದ್ದ ಅಕ್ಕ ಹೇಳದೆ ಕೇಳದೆ ದೋಣಿ ಹತ್ತಿ ತಂಗಿಯ ಮನೆ ಬಾಗಿಲಿಗೆ ಬಂದು ನಿಂತಳು. ತಂಗಿ ಮುಖ ಗಂಟಿಕ್ಕಿಕೊಂಡೇ ಚಪ್ಪಲಿ ಮೆಟ್ಟಿದಳು. ಕಾಲೇಜು ಮುಚ್ಚಿಹೋಯಿತೆಂದೇ ಊರವರು ತಿಳಿದಿದ್ದರಿಂದ ಮನೆಮನೆಗೂ ಹೋಗಿ ಮಕ್ಕಳನ್ನು ಕರೆತರಬೇಕಿತ್ತು. ಬರೋದಾದರೆ ಬಾ ಎಂದಳು. ಇಬ್ಬರೂ ಬೀದಿಗಿಳಿದರು, ಮಾತಿಲ್ಲ ಕತೆಯಿಲ್ಲ.

ಒಂದು ಮನೆಯಲ್ಲಿ ತಾಯಿಯೊಬ್ಬಳು ಬಟ್ಟೆ ಹಿಂಡುತ್ತಿದ್ದಳು. ಮಗಳನ್ನು ಕಾಲೇಜಿಗೆ ಕಳಿಸಿ ಎಂದು ಅಕ್ಕನೇ ಕೇಳಿದಳು.

"ಹೋದ ವರ್ಷ ಹೋಗಿ ಕೇಳಿದ್ಲು ನನ್ನ ಮಗಳು, ಸೇರಿಸಿಕೊಳ್ಳಲ್ಲ ಅಂದ್ರಂತೆ," ಎಂದಳು ಆ ತಾಯಿ. "ಮನೇಲಿ ಕೂರಿಸಿಕೊಂಡು ಏನು ಮಾಡೋದು? ಪೇಟೆಯ ಹೊಲಿಗೆ ಕಾರ್ಖಾನೆಗೆ ಕಳಿಸಿದ್ವಿ. ಈಗ ಅವಳ ದುಡಿಮೇಲೇ ಮನೆ ನಡೀತಿದೆ. ಇನ್ನು ಬರಲ್ಲಮ್ಮ ಅವಳು."

ಅಕ್ಕ ಅಲ್ಲೇ ಜಗಲಿಯ ಮೇಲೆ ಕುಸಿದು ಕೂತಳು. ಕಣ್ಣೀರು ತಡೆಯಲಾಗಲಿಲ್ಲ. ಆ ತಾಯಿಗೆ ಏನೂ ಅರ್ಥವಾಗದೆ, ಅವಳು ಚೆನ್ನಾಗೇ ಇದ್ದಾಳೆ, ಅಳಬೇಡಿ ಎಂದು ತಾನೇ ಸಮಾಧಾನ ಮಾಡತೊಡಗಿದಳು.

 ತಂಗಿ ಬಂದು ಅಕ್ಕನ ರಟ್ಟೆ ಹಿಡಿದು ಎಬ್ಬಿಸಿ, ಮುಂದಿನ ಮನೆಯಲ್ಲಿ ಇಬ್ಬರು ಹುಡುಗಿಯರಿದ್ದಾರೆ, ಮುಖ ಒರೆಸಿಕೋ ಎಂದಳು. ಆ ಬೀದಿ ಮುಗಿಯುವವರೆಗೂ ಹಿಡಿದ ಕೈ ಬಿಡಲಿಲ್ಲ.