ಟೀಚರ್ ಹೂತ ಬನಿಯನ್

ವಿಶಾಲಾಕ್ಷಿ ಟೀಚರ್ ಯಾರ ಮನೆಗೆ ಹೋದರೂ ಕೂರುವ ಮೊದಲೇ ಕಿಟಕಿಯ ಪರದೆ ಹಿಡಿದು, ಹೆಬ್ಬೆರಳು ತೋರುಬೆರಳ ನಡುವೆ ಒಮ್ಮೆ ಉಜ್ಜುತ್ತಿದ್ದರು. "ಅರ್ಧ ಹತ್ತಿ, ಅರ್ಧ ಪಾಲಿಯೆಸ್ಟರ್. ಅಂಗಡಿಯವನು ಏನಂತ ಹೇಳಿ ಕೊಟ್ಟ?" ಎಂದು ಕೇಳಿಯೇ ಕೂರುವುದು. ಸರ್ಕಾರಿ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸಿ ರಿಟೈರ್ ಆದವರು. ನನ್ನ ಮದುವೆಯ ರೇಷ್ಮೆ ಸೀರೆಯ ಸೆರಗನ್ನೂ ಹೀಗೇ ಉಜ್ಜಿ, ಅದೂ ಕಣ್ಣು ಮುಚ್ಚಿಕೊಂಡು, "ಇದರಲ್ಲಿ ರೇಷ್ಮೆ ಎಲ್ಲಿದೆ ಕಣಮ್ಮ?" ಅಂದುಬಿಟ್ಟರು. ನನಗೆ ಮೈಯೆಲ್ಲ ಉರಿದುಹೋಯಿತು. ಅವರು ಹೋದ ಮೇಲೆ ಗುಟ್ಟಾಗಿ ಒಂದು ಎಳೆ ಸುಟ್ಟು ನೋಡಿದೆ. ಪ್ಲಾಸ್ಟಿಕ್ಕಿನ ವಾಸನೆಯೇ ಬಂತು. ಇನ್ನೇನು ಹೇಳಲಿ!

ಅದೇ ಎರಡು ಬೆರಳಲ್ಲಿ ಅವರು ಮಣ್ಣನ್ನೂ ಉಜ್ಜಿ ನೋಡುತ್ತಿದ್ದರು.

ಜಯನಗರದ ನಮ್ಮ ರಸ್ತೆಯ ಕೊನೆಯಲ್ಲಿ ಅವರ ಮನೆ. ಕೆಳಗೆ ತಮ್ಮ ನಾಗರಾಜ್ ಮತ್ತು ಅವರ ಹೆಂಡತಿ ಸುಮಿತ್ರ, ಮೇಲೆ ಟೀಚರ್ ಒಬ್ಬರೇ. ಗೇಟಿನಿಂದ ಬಾಗಿಲವರೆಗಿನ ಪುಟ್ಟ ಮಣ್ಣಿನ ಅಂಗಳ ಮಾತ್ರ ಅಪ್ಪನ ಉಯಿಲಿನಂತೆ ಟೀಚರ್ ಪಾಲಿಗೆ ಬಂದಿತ್ತು. ಅಲ್ಲಿ ಕರಿಬೇವು, ದೊಡ್ಡಪತ್ರೆ, ಬಸಳೆ. ತಿಂಗಳ ಮೊದಲ ಭಾನುವಾರ ಬೆಳಗ್ಗೆ ಅಲ್ಲೇ ಮಣ್ಣಿನ ಕೂಟ.

ಮೊದಲ ಸಲ ಹೋದಾಗ ನನಗೆ ಒಂದೂ ತಲೆಗೆ ಹೋಗಲಿಲ್ಲ. ಎಲ್ಲರ ಕೈಯಲ್ಲೂ ಸ್ಟೀಲ್ ಡಬ್ಬಿ. ಸರಿ, ಉಪ್ಪಿಟ್ಟು ಇರಬೇಕು ಅಂತ ಆಸೆಯಿಂದ ಕೂತೆ. ಮುಚ್ಚಳ ತೆಗೆದರೆ ಮಣ್ಣು! ಒಬ್ಬೊಬ್ಬರದೂ ಮೂಸುವುದು, ಉಜ್ಜುವುದು, ತೀರ್ಪು ಹೇಳುವುದು. ಬಿಟಿಎಮ್ಮಿನಲ್ಲಿ ರೂಮು ಮಾಡಿಕೊಂಡಿದ್ದ ಕಲಬುರಗಿ ಕಡೆಯ ಆಫೀಸಿನ ಹುಡುಗಿ, "ನಮ್ಮ ಹೊಲದ ಎರಿ ಮಣ್ಣರಿ ಟೀಚರ್, ಮೂಸಿ ನೋಡ್ರಿ" ಅಂತ ತವರಿನ ಹೋಳಿಗೆ ಕೊಟ್ಟಷ್ಟು ಅಕ್ಕರೆಯಿಂದ ಡಬ್ಬಿ ಚಾಚಿದಳು. ಕೋಣನಕುಂಟೆಯ ಆಚೆ ಉಳುಮೆಯನ್ನೇ ಬಿಟ್ಟು, ಸೊಪ್ಪುಸದೆ ಹೊದಿಸಿ ರಾಗಿ ಅವರೆ ಬೆಳೆಯುವ ಗಂಡ ಹೆಂಡತಿ, ನೆಲವನ್ನು ಬರಿಮೈಲಿ ಬಿಡಬಾರದು ಎಂದು ಪಾಠ ಮಾಡಿದರು. ಉಳದೆ ಬೆಳೆಯುವುದು ಹೇಗೆ ಅಂತ ನನಗೆ ಇವತ್ತಿಗೂ ಪೂರ್ತಿ ಅರ್ಥವಾಗಿಲ್ಲ.

ಎಲ್ಲಕ್ಕಿಂತ ವಿಚಿತ್ರ ಬನಿಯನ್ ಪರೀಕ್ಷೆ. ಹಳೇ ಹತ್ತಿ ಬಟ್ಟೆಯನ್ನು ಮಣ್ಣಲ್ಲಿ ಹೂಳಬೇಕು, ಎರಡು ತಿಂಗಳಾದ ಮೇಲೆ ತೆಗೆಯಬೇಕು. ಮಣ್ಣಿಗೆ ಜೀವ ಇದ್ದರೆ ಅದು ಬಟ್ಟೆಯನ್ನು ತಿಂದು ಚಿಂದಿ ಮಾಡಿರುತ್ತದೆ. ಯಾರದು ಹೆಚ್ಚು ಚಿಂದಿಯೋ ಅವರಿಗೆ ಚಪ್ಪಾಳೆ. ಆ ಚಿಂದಿಗಳನ್ನೆಲ್ಲ ಹಗ್ಗಕ್ಕೆ ನೇತುಹಾಕಿ, ಕೆಳಗೆ ಕೂತು ಕಡಲೆಕಾಯಿ ಬೆಲ್ಲ ತಿನ್ನುವುದು. ದಾರಿಯಲ್ಲಿ ಹೋಗುವವರು ನಿಂತು ನೋಡಿ, ಏನೂ ಕೇಳದೆ ಹೋಗುತ್ತಿದ್ದರು. ಪಾಪ, ಏನಂತ ಕೇಳ್ತಾರೆ?

ನಾನೂ ನಮ್ಮ ಫ್ಲಾಟಿನ ಬಾಲ್ಕನಿ ಕುಂಡದಲ್ಲಿ ಒಂದು ಕರ್ಚೀಫು ಹೂತೆ. ತೆಗೆದಾಗ ಒಗೆದು ಜೇಬಿಗೆ ಹಾಕಿಕೊಳ್ಳುವ ಹಾಗಿತ್ತು. ಟೀಚರ್ ನಗಲಿಲ್ಲ. "ನಿನ್ನ ಕುಂಡದಲ್ಲಿ ಧೂಳಿದೆ, ಮಣ್ಣಿಲ್ಲ" ಅಂದು ತಮ್ಮ ಅಂಗಳದ್ದು ಎರಡು ಹಿಡಿ ಕೊಟ್ಟರು. "ಹಾಲಿಗೆ ಹೆಪ್ಪು ಹಾಕ್ತೀಯಲ್ಲ, ಹಂಗೆ ಹಾಕು. ಅದೇ ಮಾಡ್ಕೊಳ್ಳುತ್ತೆ."

ಈ ಸಂಭ್ರಮವನ್ನೆಲ್ಲ ನಾಗರಾಜ್ ಜಗಲಿಯ ಮೇಲೆ ಪೇಪರ್ ಹಿಡಿದುಕೊಂಡು ನೋಡುತ್ತಿದ್ದರು. ಅಕ್ಕ ತಮ್ಮನಿಗೆ ಮಾತಿಲ್ಲ. ಅಂಗಳಕ್ಕೆ ಸಿಮೆಂಟ್ ಹಾಕಿಸಿ ಕಾರು ನಿಲ್ಲಿಸುತ್ತೇನೆ ಅಂತ ತಮ್ಮ ಹಿಂದೆ ಒಮ್ಮೆ ಕೇಳಿದ್ದರಂತೆ. "ನಾನು ಸತ್ತ ಮೇಲೆ ಹಾಕಿಸ್ಕೋ" ಅಂತ ಅಕ್ಕ ಅಂದರಂತೆ. ಅಲ್ಲಿಗೆ ಮುಗಿಯಿತು. ಸಾರಿನ ಪಾತ್ರೆ ಮಾತ್ರ ಸುಮಿತ್ರ ಕೈಯಲ್ಲಿ ಮೇಲಕ್ಕೂ ಕೆಳಕ್ಕೂ ಓಡಾಡುತ್ತಿತ್ತು.

ಆಮೇಲೆ ಸುಮಿತ್ರಗೆ ಬೆನ್ನುಹುರಿಯ ಕಾಯಿಲೆ ಬಂದು ಕಾಲಿನ ಬಲ ಹೋಯಿತು. ವೀಲ್‌ಚೇರ್ ಬಂತು. ಟೀಚರ್ ಅಷ್ಟೊಂದು ಮುತುವರ್ಜಿಯಿಂದ ಮೆತ್ತಗೆ ಮಾಡಿದ್ದ ಮಣ್ಣಿನಲ್ಲಿ ಅದರ ಚಕ್ರ ಹೂತುಹೋಗುತ್ತಿತ್ತು. ಆಸ್ಪತ್ರೆಗೆ ಹೊರಟಾಗಲೆಲ್ಲ ನಾಗರಾಜ್ ಮತ್ತು ಡ್ರೈವರ್ ಸೇರಿ ಚೇರಿನ ಸಮೇತ ಎತ್ತಿಕೊಂಡು ಹೋಗಬೇಕು. ಸುಮಿತ್ರ ನಾಚಿಕೆಯಿಂದ ತಲೆ ಬಗ್ಗಿಸಿಕೊಂಡಿರುತ್ತಿದ್ದರು. ಕಾರು ಬಾಗಿಲವರೆಗೆ ಬರಬೇಕು, ಚೇರೂ ತಿರುಗಬೇಕು ಎಂದರೆ ಅಂಗಳ ಪೂರ್ತಿ ಬೇಕು. "ಅಕ್ಕನ್ನ ಇನ್ನೊಂದ್ಸಲ ಕೇಳಿ ಸಾರ್" ಅಂದೆ. "ಕೇಳಲ್ಲ. ಅವಳಾಗಿ ದಾನ ಕೊಟ್ರೂ ಬೇಡ" ಅಂದರು ನಾಗರಾಜ್, ಮೇಲಿನ ಮನೆಗೂ ಕೇಳುವ ಹಾಗೆ. ಎಂಥಾ ಹಟಮಾರಿಗಳಪ್ಪ ಅಂದುಕೊಂಡು ಮನೆಗೆ ಬಂದೆ.

ಸಂಕ್ರಾಂತಿಯಾದ ಮೇಲಿನ ಕೂಟದಲ್ಲಿ ಟೀಚರ್ ಇದ್ದಕ್ಕಿದ್ದಂತೆ ಜಗಲಿಯ ಕಡೆ ತಿರುಗಿದರು. "ನಾಗ, ನಿನ್ನದೇ ಒಂದು ಬನಿಯನ್ ತಾ. ನನ್ನ ಮಣ್ಣು ಅದನ್ನ ತಿಂದ್ರೆ ನೀನು ಸಿಮೆಂಟಿನ ಮಾತು ಎತ್ತಬಾರ್ದು. ತಿನ್ನಲಿಲ್ಲ ಅಂದ್ರೆ ಅಂಗಳ ನಿನ್ನದು."

ನಮಗೆಲ್ಲ ಗಾಬರಿ. ಆ ಮಣ್ಣು ಬನಿಯನ್ನಿರಲಿ, ಗೋಣಿಚೀಲವನ್ನೇ ತಿಂದು ತೇಗುವಂಥದ್ದು. ಗೆಲ್ಲುವುದು ಗೊತ್ತಿದ್ದೂ ತಮ್ಮನನ್ನು ಹತ್ತು ಜನರ ಮುಂದೆ ಹೀಗೆ ಹಂಗಿಸುವುದಾ? ಟೀಚರ್ ಮೇಲೆ ನನಗೆ ಕೋಪವೇ ಬಂತು.

ನಾಗರಾಜ್ ಒಳಗೆ ಹೋಗಿ ಒಂದು ಬಿಳಿ ಬನಿಯನ್ ತಂದು ಎಸೆದರು. ಟೀಚರ್ ಅದನ್ನು ಹಿಡಿದು ಎರಡು ಬೆರಳಲ್ಲಿ ಉಜ್ಜಿದರು. ನಾನು ಪಕ್ಕದಲ್ಲೇ ಇದ್ದೆ, ಕಣ್ಣಾರೆ ನೋಡಿದೆ. "ಒಳ್ಳೇ ಬನಿಯನ್ನು" ಅಂದವರೇ ಕರಿಬೇವಿನ ಬುಡದಲ್ಲಿ ಹೂತರು.

ಯುಗಾದಿ ಕಳೆದ ಮೇಲೆ ಅಗೆದೆವು. ಸುತ್ತ ಎರೆಹುಳು ಗಿಜಿಗುಡುತ್ತಿದ್ದವು. ನಡುವೆ ಬನಿಯನ್ ಮಾತ್ರ ಹೂತಾಗ ಹೇಗಿತ್ತೋ ಹಾಗೇ ಇದೆ, ಒಂದು ತೂತಿಲ್ಲ. "ಇದು ಹೆಂಗೆ ಸಾಧ್ಯ? ಏನೋ ಮೋಸ ಇದೆ!" ಅಂತ ನಾನು ಕಿರುಚಿದೆ. ಟೀಚರ್ ಬನಿಯನ್ ಕೊಡವಿ ಹೆಗಲ ಮೇಲೆ ಹಾಕಿಕೊಂಡರು. "ಸೋತೆ ಕಣೋ ನಾಗ" ಅಂದರು. ಅಷ್ಟೇ. ನಾಗರಾಜ್ ತಲೆ ಎತ್ತಲೇ ಇಲ್ಲ.

ಸಿಮೆಂಟಿನವರು ಬರುವ ಹಿಂದಿನ ದಿನ ಟೀಚರ್ ಎಲ್ಲರಿಗೂ ಡಬ್ಬಿ ತರಲು ಹೇಳಿ ಕಳಿಸಿದರು. ಜೆಪಿ ನಗರ, ಬನಶಂಕರಿ, ಬಿಳೇಕಹಳ್ಳಿ, ಎಲ್ಲ ಕಡೆಯಿಂದ ಜನ. ಅಷ್ಟು ದೊಡ್ಡ ಕೂಟ ಯಾವತ್ತೂ ಆಗಿರಲಿಲ್ಲ. ಟೀಚರ್ ಮಣೆಯ ಮೇಲೆ ಕೂತು ಅರಿಶಿನ ಕುಂಕುಮ ಕೊಟ್ಟ ಹಾಗೆ ಒಬ್ಬೊಬ್ಬರಿಗೂ ಮಣ್ಣು ತುಂಬಿ ಕೊಟ್ಟರು. ನನ್ನ ಸರದಿ ಬಂದಾಗ ತಡೆಯಲಾಗಲಿಲ್ಲ. "ಟೀಚರ್, ಆ ಬನಿಯನ್ನು…" ಅಂದೆ.

"ಸೋತವರನ್ನ ಜಾಸ್ತಿ ಕೇಳಬಾರ್ದು ಕಣಮ್ಮ. ಡಬ್ಬಿ ಹಿಡಿ ಸರಿಯಾಗಿ."

ನಾನು ಅವರನ್ನು ನೋಡಿದ್ದು ಅದೇ ಕೊನೆ. ತವರಿನ ಕೆಲಸಕ್ಕೆ ಹೋಗಿ ಆಷಾಢದಲ್ಲಿ ವಾಪಸು ಬರುವಷ್ಟರಲ್ಲಿ ಟೀಚರ್ ಇಲ್ಲ. ನಿದ್ದೆಯಲ್ಲೇ ಹೋದರಂತೆ. ರಸ್ತೆಯ ಕೊನೆಗೆ ನಡೆದು ಹೋಗಲು ನನಗೆ ಎಷ್ಟೋ ದಿನ ಮನಸ್ಸೇ ಬರಲಿಲ್ಲ.

ಕಳೆದ ವಾರ ನಾಗರಾಜ್ ಫೋನ್ ಮಾಡಿದರು. "ಮೇಡಂ, ಅಕ್ಕನ ಮಣ್ಣು ನಿಮ್ಮ ಹತ್ರ ಇದ್ಯಾ? ಸುಮಿತ್ರ ಬಸಳೆ ಹಾಕ್ಬೇಕಂತಾಳೆ." ಕುಂಡವನ್ನೇ ಹೊತ್ತುಕೊಂಡು ಹೋದೆ. ಗೇಟಿನ ಹತ್ತಿರ ಅದನ್ನು ತೆಗೆದುಕೊಂಡವರು ಒಳಗೆ ಹೋಗದೆ ಅಲ್ಲೇ ನಿಂತರು.

"ಯಾರಿಗೂ ಹೇಳಿಲ್ಲ ಮೇಡಂ. ಆ ಬನಿಯನ್ನು ಹತ್ತೀದಲ್ಲ. ವಾಕಿಂಗಿಗೆ ಅಂತ ತಂದಿದ್ದ ಪಾಲಿಯೆಸ್ಟರ್ದು. ಗೊತ್ತಿದ್ದೇ ಕೊಟ್ಟೆ. ಅಕ್ಕಂಗೆ ಮೋಸ ಮಾಡ್ಬಿಟ್ಟೆ. ಸಾಯೋವರೆಗೂ ಅವಳಿಗೆ ಗೊತ್ತಾಗಲಿಲ್ಲ."

"ಗೊತ್ತಾಗಲಿಲ್ವಾ?" ನನ್ನ ಬಾಯಿ ಸುಮ್ಮನಿರಬೇಕಲ್ಲ. "ನನ್ನ ಮದುವೆ ಸೀರೇನ ಕಣ್ಣು ಮುಚ್ಕೊಂಡು ಕಂಡುಹಿಡಿದವರು ಸಾರ್ ಅವರು! ಹೂಳೋಕೆ ಮುಂಚೆ ಉಜ್ಜಿ ನೋಡಿದ್ರು, ನಾನೇ ಪಕ್ಕದಲ್ಲಿದ್ದೆ."

ನಾಗರಾಜ್ ನನ್ನನ್ನೇ ನೋಡಿದರು. "ಮತ್ಯಾಕೆ ಹೂತಳು?"

ನನಗೇನು ಗೊತ್ತು? ಇಷ್ಟು ದಿನ ಆ ಬನಿಯನ್ ಹೇಗೆ ಉಳಿಯಿತು ಅಂತಲೇ ನಾನು ಯೋಚಿಸಿ ಯೋಚಿಸಿ ತಲೆ ಕೆಡಿಸಿಕೊಂಡಿದ್ದೆ. ಅಷ್ಟರಲ್ಲಿ ಬಾಗಿಲಿಂದ "ಮಣ್ಣು ಬಂತೇನ್ರೀ?" ಅಂತ ಸುಮಿತ್ರ ಕೂಗಿದರು. ಎರಡು ಕೈಯಲ್ಲೂ ಚಕ್ರ ತಿರುಗಿಸಿಕೊಂಡು, ಯಾರೂ ತಳ್ಳದೆ, ಯಾರೂ ಎತ್ತದೆ, ನಗುನಗುತ್ತ ಸಿಮೆಂಟಿನ ಮೇಲೆ ನೇರವಾಗಿ ಗೇಟಿನವರೆಗೆ ಬಂದುಬಿಟ್ಟರು.

ನಾಗರಾಜ್ ಕುಂಡವನ್ನು ಎದೆಗೊತ್ತಿಕೊಂಡು, ರಸ್ತೆ ಅನ್ನುವುದನ್ನೂ ಮರೆತು, ಗಟ್ಟಿಯಾಗಿ ಅತ್ತುಬಿಟ್ಟರು.

"ಅಯ್ಯೋ, ಏನಾಯ್ತ್ರೀ ಇವರಿಗೆ?" ಎಂದು ಸುಮಿತ್ರ ನನ್ನ ಮುಖ ನೋಡಿದರು.