ಕೂಗದ ಹೊಸ ವಾಚು

ನಮ್ಮವರ ಓಟದ ವಾಚು ಸತ್ತೇ ಹೋಯಿತು ಅಂತ ನಾನು, ಇನ್ನೂ ಜೀವ ಇದೆ ಅಂತ ಅವರು. ಪಟ್ಟಿ ಹರಿದು ರಬ್ಬರ್ ಬ್ಯಾಂಡು ಸುತ್ತಿದ್ದರು. ಅಂಕಿಗಳು ಅರ್ಧಂಬರ್ಧ ಕಾಣುತ್ತಿದ್ದವು. ಪುರಸೈವಾಕ್ಕಂನ ರಿಪೇರಿಯವನು ಕೊನೆಯ ಸಲ ಅದನ್ನು ಕೈಯಿಂದ ಮುಟ್ಟಲೂ ಇಲ್ಲ.

ಬೇರೆ ವಾಚಾಗಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಇದಕ್ಕೆ ಎದೆಗೆ ಕಟ್ಟುವ ಬೆಲ್ಟೊಂದಿತ್ತು. ಬೆಲ್ಟು ಹೃದಯದ ಬಡಿತವನ್ನು ಹಿಡಿದು ವಾಚಿಗೆ ತಿಳಿಸುತ್ತಿತ್ತು. ಬಡಿತ ಮಿತಿ ದಾಟಿದರೆ ವಾಚು ಕೀಂ ಕೀಂ ಅನ್ನುತ್ತಿತ್ತು. ಹಾರ್ಟ್ ಅಟ್ಯಾಕ್ ಆಗಿ ಪೋರೂರಿನ ಆಸ್ಪತ್ರೆಯಲ್ಲಿ ಮಲಗಿ ಎದ್ದ ಮನುಷ್ಯ ಅವರು. "ಓಡಲೇಬೇಕು ಅಂದ್ರೆ ಮೆಲ್ಲಗೆ ಓಡಿ. ವಾಚು ಕೂಗಿದ ಕೂಡಲೆ ನಿಲ್ಲಿ" ಎಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದರು. ನನ್ನ ಮಾತಿಗಂತೂ ಅವರು ನಿಲ್ಲುವವರಲ್ಲ. ವಾಚಿನ ಮಾತಿಗೆ ಮಾತ್ರ ನಿಲ್ಲುತ್ತಿದ್ದರು.

ಕೊನೆಗೆ ಭಾವನವರು ಸಿಂಗಪುರದಿಂದ ಬರುವಾಗ ಹೊಸದನ್ನು ತಂದುಕೊಟ್ಟರು. ಅವತ್ತು ಏಕಾದಶಿ. ನಮ್ಮವರು ಉಪವಾಸವಿದ್ದುಕೊಂಡು, ಮಿತಿಯನ್ನೆಲ್ಲ ಸರಿಪಡಿಸಿಕೊಂಡು, ಇಡೀ ದಿನ ಹೊಸ ಆಟಿಕೆ ಸಿಕ್ಕ ಮಗುವಿನ ಹಾಗೆ ಕೂತಿದ್ದರು.

ದ್ವಾದಶಿಯ ಬೆಳಿಗ್ಗೆ ಅವರು ಯಾವತ್ತೂ ಓಡಿದವರಲ್ಲ. ಬೆಳಕು ಹರಿಯುವ ಮೊದಲೇ ಸ್ನಾನ, ಪೂಜೆ, ಉಪವಾಸ ಬಿಡುವ ಪಾರಣೆ. ಅವತ್ತು ಮಾತ್ರ ಊಟಕ್ಕೆ ಕೂರದೆ, ಬರೀ ತೀರ್ಥ ತೆಗೆದುಕೊಂಡು ಪಾರಣೆಯ ಶಾಸ್ತ್ರ ಮುಗಿಸಿದವರೇ ಬೆಲ್ಟು ಕಟ್ಟಿ, ಮೇಲೆ ಬನಿಯನ್ನು ಎಳೆದುಕೊಂಡರು.

"ನೆನ್ನೆಯಿಂದ ಹೊಟ್ಟೆಗೆ ಏನೂ ಇಲ್ಲ. ಬೇಡ ರೀ."

"ಸುಮ್ನಿರೇ. ಒಂದೇ ರೌಂಡು. ಟೆಸ್ಟ್ ಮಾಡಿ ಬಂದ್ಬಿಡ್ತೀನಿ, ಶೆರಿಯಾ?"

ಶೆರಿಯೂ ಇಲ್ಲ, ಮಣ್ಣೂ ಇಲ್ಲ. ಚಪ್ಪಲಿ ಮೆಟ್ಟಿ, ನೀರಿನ ಬಾಟಲಿ ಹಿಡಿದು ನಾನೂ ಹಿಂದೆಯೇ ಹೊರಟೆ. ಬೆಸೆಂಟ್ ನಗರದ ಬೀಚು ನಮ್ಮ ಬೀದಿಯ ಕೊನೆಗೇ ಇತ್ತು.

ಕಟ್ಟೆಯ ಮೇಲೆ ಕೂತು ಕಾದೆ. ಹಳೆಯದಾಗಿದ್ದರೆ ಅಷ್ಟು ಹೊತ್ತಿಗೆ ಕೂಗಿ, ಅವರು ಸೊಂಟದ ಮೇಲೆ ಕೈಯಿಟ್ಟು ನಿಂತಿರುತ್ತಿದ್ದರು. ಅವತ್ತು ನಿಲ್ಲಲೇ ಇಲ್ಲ. ನನ್ನ ಮುಂದೆಯೇ ಹಾದುಹೋದರು, ಎಂದಿಗಿಂತ ಜೋರಾಗಿ. ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಸೀರೆ ಎತ್ತಿ ಕಟ್ಟಿಕೊಂಡು ಅವರ ಹಿಂದೆ ಓಡಿದೆ.

"ರೀ, ನಿಲ್ರೀ! ನಿಮ್ಮ ದಮ್ಮಯ್ಯ, ನಿಲ್ಲಿ!"

ನಿಂತರು. ನಗುತ್ತ ಮಣಿಕಟ್ಟು ತೋರಿಸಿದರು. "ನೋಡೇ... ಒಂದ್ ಸಲಾನೂ ಕೂಗಿಲ್ಲ... ಹಾರ್ಟ್ ಸರಿಹೋಗಿದೆ ಕಣೇ."

ವಾಚಿನಲ್ಲಿ ಅಂಕಿಯೇ ಇರಲಿಲ್ಲ, ಬರೀ ಎರಡು ಗೀಟು. ಅವರ ಎದೆಯ ಮೇಲೆ ಕೈಯಿಟ್ಟೆ. ಒಳಗೆ ಯಾರೋ ಬಾಗಿಲು ಗುದ್ದುತ್ತಿದ್ದಂತಿತ್ತು. ಅವರನ್ನು ಮರಳಿನ ಮೇಲೆ ಕೂರಿಸಿ ಬನಿಯನ್ನು ಎತ್ತಿ ನೋಡಿದೆ. ಪೂಜೆಗೆ ಮೊದಲು ಎದೆಗೂ ಹೊಟ್ಟೆಗೂ ಒತ್ತಿಕೊಂಡಿದ್ದ ಗೋಪೀಚಂದನದ ಮುದ್ರೆಗಳ ಮೇಲೆಯೇ ಬೆಲ್ಟು ಕೂತಿತ್ತು. ಚರ್ಮಕ್ಕೆ ತಾಗಬೇಕಾದ ಜಾಗದಲ್ಲೆಲ್ಲ ಆ ಮಣ್ಣು ಒಣಗಿ ಕಲ್ಲಿನ ಹಾಗೆ ಗಟ್ಟಿಯಾಗಿತ್ತು.

"ದ್ವಾದಶಿ ದಿನ ಮುದ್ರೆ ಅಳಿಸ್ತೀಯಾ?" ಎಂದು ಕೈ ಅಡ್ಡ ತಂದರು.

"ನಿಮ್ಮ ಮುದ್ರೆ ಹಾಳಾಗ್ಲಿ! ಪಾಪ ಬಂದ್ರೆ ನನಗೇ ಬರ್ಲಿ!"

ಬಾಟಲಿಯ ನೀರು ಸುರಿದು, ಸೆರಗಿನಿಂದ ಎದೆಯನ್ನೂ ಬೆಲ್ಟನ್ನೂ ತಿಕ್ಕಿ ಒರೆಸಿದೆ. ಬೆಲ್ಟನ್ನು ಮತ್ತೆ ಎದೆಗೆ ಸುತ್ತಿ ಕೊಂಡಿಯನ್ನು ಅವರ ಕೈಗೆ ಕೊಟ್ಟೆ. ಅವರೇ ಹಾಕಿಕೊಂಡರು. ಗೀಟು ಹೋಗಿ ಅಂಕಿ ಮೂಡಿತು. ಮೂಡಿದ್ದೇ ತಡ, ವಾಚು ಕಿರುಚತೊಡಗಿತು.

ಕೂತಿದ್ದರೂ ಕಿರುಚಿತು. ನೀರು ಕುಡಿಸಿದೆ, ಆಗಲೂ ಕಿರುಚಿತು. ವಾಕಿಂಗ್ ಬಂದವರು ತಿರುಗಿ ನೋಡಿದರು. ನಮ್ಮವರ ನಗು ಎಲ್ಲಿ ಹೋಯಿತೋ.

"ಆಸ್ಪತ್ರೆಗೆ ಹೋಗೋಣ. ಆಟೋ ಕರಿ," ಎಂದರು. ಎದ್ದು ನಿಂತವಳ ಸೆರಗನ್ನು ಮಾತ್ರ ಬಿಡಲಿಲ್ಲ. "ಭಯ ಆಗ್ತಿದೆ ಕಣೇ."

ಮದುವೆಯಾದಂದಿನಿಂದ ಆ ಮಾತನ್ನು ಅವರ ಬಾಯಲ್ಲಿ ಕೇಳಿರಲಿಲ್ಲ. ಅಷ್ಟು ದಿನ ಇಬ್ಬರ ಪಾಲಿನ ಭಯವನ್ನೂ ನಾನೊಬ್ಬಳೇ ಪಟ್ಟಿದ್ದೆ. ಸೆರಗು ಅವರ ಮುಷ್ಟಿಯಲ್ಲೇ ಇರಲಿ ಅಂತ ಬಿಟ್ಟು, ನಿಂತಲ್ಲಿಂದಲೇ ಆಟೋದವನನ್ನು ಕೂಗಿದೆ.